ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್: ಮಲೆನಾಡಿನ ಮಳೆಗಾಲ ದಾಟಿದ ಮೇಲೆ

ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ, ತೂಕ ಎಷ್ಟು ಅನ್ನೋದೆಲ್ಲ ಡಬ್ಬಿ ಮೇಲೇ ಇದೆ. ಅದನ್ನು ಬಿಡುತ್ತೇನೆ. ಬಟ್ಟೆ ಕ್ಲಿಪ್ಪಿನ ಹಾಗೆ ಮೊಬೈಲಿಗೆ ಕಚ್ಚಿಕೊಳ್ಳುವ ಲೆನ್ಸ್ ಇದು. ಬೆಲೆ 1,000 ರೂಪಾಯಿ ಒಳಗೆ. ಕ್ಯಾಮೆರಾ, ಅದಕ್ಕೊಂದು ಮ್ಯಾಕ್ರೋ ಲೆನ್ಸ್ ಅಂತ ಹೊರಟರೆ ಹತ್ತಾರು ಸಾವಿರ ಬೇಕು. ಅಡಿಕೆ ತೋಟ ನಂಬಿಕೊಂಡ ನನಗೆ ಅದು ಆಗದ ಮಾತು.

ನಮ್ಮ ಮನೆ ಸಾಗರದ ಕಡೆ. ಹಿತ್ತಲ ತುಂಬ ಕೆಸು. ಮಳೆ ಬಿಟ್ಟ ರಾತ್ರಿ ಕಳೆದು ಬೆಳಗಾದರೆ ಕೆಸುವಿನ ಎಲೆಯ ತುದಿಯಲ್ಲಿ ಒಂದು ಹನಿ ತೂಗುತ್ತಿರುತ್ತದೆ. ಪಕ್ಕದ ಹುಲ್ಲಿನ ತುದಿಯಲ್ಲೂ ಅಷ್ಟೇ. ನೋಡಿದವರು ಇಬ್ಬನಿ ಅನ್ನುತ್ತಾರೆ. ಇಬ್ಬನಿಯಾದರೆ ಎಲೆಯ ಮೇಲೆಲ್ಲ ಕೂರಬೇಕು, ಅಲ್ವಾ? ಇದು ಗಿಡವೇ ಹೊರಗೆ ಬಿಟ್ಟ ನೀರು. ನೆಲ ಒದ್ದೆಯಾಗಿದ್ದು ಗಾಳಿಯಲ್ಲೂ ತೇವ ತುಂಬಿದ್ದರೆ ರಾತ್ರಿ ಎಲೆಯಿಂದ ಆವಿ ಹೋಗುವುದು ಕಡಿಮೆ. ಬೇರು ಮಾತ್ರ ನೀರನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಎಲೆಯಂಚಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಬರುತ್ತದೆ. ಟೊಮೆಟೊ ಎಲೆ ನೋಡಿ, ಅಂಚಿನುದ್ದಕ್ಕೂ ಹನಿ ಸಾಲಾಗಿ ನಿಂತಿರುತ್ತದೆ.

ಈ ಲೆನ್ಸ್ ಹಾಕಿ ಆ ಹನಿಯೊಳಗೆ ನೋಡಿದೆ. ನಮ್ಮ ಹಿತ್ತಲು ಪೂರ್ತಿ ಅದರಲ್ಲಿದೆ, ತಲೆಕೆಳಗಾಗಿ! ಅಡಿಕೆ ಮರಗಳ ತಲೆ ಕೆಳಗೆ, ಆಕಾಶ ಅದಕ್ಕೂ ಕೆಳಗೆ. ಹನಿಯೇ ಒಂದು ಉಬ್ಬು ಮಸೂರ ಆಗಿರುವುದರಿಂದ ಹೀಗೆ. ಹಿಂದೆ ಕೆಂಪು ದಾಸವಾಳ ಇದ್ದರೆ ಹನಿಯಲ್ಲೂ ಪುಟ್ಟ ದಾಸವಾಳ. ನನಗಂತೂ ಕೊಟ್ಟ ದುಡ್ಡು ಅಲ್ಲಿಗೇ ಬಂತು.

ಕೊಟ್ಟಿಗೆ ಕೆಲಸ ಮುಗಿದ ಕೂಡಲೇ ಹೊರಡುತ್ತೇನೆ. ಬಿಸಿಲು ಏರಿದರೆ ಹನಿ ಇರುವುದಿಲ್ಲ. ಮೊಬೈಲಿನ ಕವರ್ ಬಿಚ್ಚಿ, ಹಳೇ ಪಂಚೆಯ ತುಂಡಿನಿಂದ ಗಾಜು ಒರೆಸಿ, ಲೆನ್ಸನ್ನು ಮುಖ್ಯ ಕ್ಯಾಮೆರಾದ ಮೇಲೆ ಸರಿಯಾಗಿ ಕೂರಿಸಬೇಕು. ಮೊಬೈಲಿನಲ್ಲೇ ಮ್ಯಾಕ್ರೋ ಮೋಡ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಹತ್ತಿರ ಹೋದಾಗ ಅದು ತಾನಾಗೇ ಬೇರೆ ಕ್ಯಾಮೆರಾಕ್ಕೆ ಹಾರುತ್ತದೆ. ಎರಡು ಬೆರಳಗಲದಷ್ಟು ಹತ್ತಿರ ಹೋಗದೆ ಏನೂ ಕಾಣಿಸದು. ಮೊಣಕೈ ನೆಲಕ್ಕೂರಿ, ಉಸಿರು ಹಿಡಿದು, ಮೊಬೈಲನ್ನು ಒಂಚೂರೇ ಹಿಂದೆ ಮುಂದೆ ಮಾಡುತ್ತಾ ಸಾಲಾಗಿ ಫೋಟೊ ತೆಗೆಯುತ್ತೇನೆ. ಅದರಲ್ಲಿ ಒಂದು ಚೊಕ್ಕ ಬಂದರೆ ಸಾಕು. ಮೊಬೈಲಿನ ನೆರಳು ಬಿದ್ದು ಕಪ್ಪಾದರೆ ಹಳೇ ಮದುವೆ ಕಾಗದದ ಬಿಳಿ ಬದಿಯನ್ನು ಪಕ್ಕದಲ್ಲಿ ಹಿಡಿಯಿರಿ. ಅಮ್ಮ ಈಗ ಪತ್ರೊಡೆಗೆ ಎಲೆ ಕೊಯ್ಯುವ ಮೊದಲು ಕರೆಯುತ್ತಾರೆ, "ಬಾರೋ, ನಿನ್ನ ಫೋಟೊ ಆಯ್ತಾ?"

ಇಷ್ಟೆಲ್ಲ ಕೊಟ್ಟ ಲೆನ್ಸಿನ ಮೇಲೆ ಸಿಟ್ಟೂ ಇದೆ. ಆಷಾಢದ ಮಳೆ ಹಿಡಿದ ಮೇಲೆ ಫೋಟೊ ಮಂಕಾಗತೊಡಗಿತು. ಎಷ್ಟು ಒರೆಸಿದರೂ ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಎರಡು ಗಾಜುಗಳ ನಡುವೆ ಬಿಳಿ ಎಳೆಗಳು. ಬೂಷ್ಟು! ಬಿಚ್ಚಿ ಒರೆಸೋಣ ಅಂದರೆ ಸುತ್ತಿನ ಬಳೆಯನ್ನು ಅಂಟು ಹಾಕಿ ಕೂರಿಸಿದ್ದಾರೆ. ಮಾರಿದವರನ್ನು ಕೇಳಿದರೆ ವಾರಂಟಿಗೆ ಬರುವುದಿಲ್ಲವಂತೆ. ಮಲೆನಾಡು, ಕರಾವಳಿಗೂ ಮಾರುವ ವಸ್ತುವಿಗೆ ಬಿಚ್ಚುವ ತಿರುಪು ಇಡಬಾರದೇ? ಜೊತೆಗೆ ಕೊಡುವ ಬಟ್ಟೆ ಚೀಲವೂ ತೇವ ಹೀರಿಕೊಂಡು ಕೂರುತ್ತದೆ. ಅದನ್ನು ಬಿಸಾಡಿ.

ಅದೇ ಲೆನ್ಸನ್ನು ಮತ್ತೆ ಕೊಂಡೆ. ಈಗ ಅದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತದೆ. ನೀಲಿ ಬಣ್ಣದ ಜೆಲ್ ತೇವ ಹೀರಿ ಗುಲಾಬಿಯಾಗುತ್ತದೆ. ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ಕ್ಲೋರೈಡ್ ವಿಷ, ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ.

ಚಿಟ್ಟೆ ಫೋಟೊ ಬೇಕು ಅನ್ನುವವರು ಇದನ್ನು ಕೊಳ್ಳಬೇಡಿ. ಅಷ್ಟು ಹತ್ತಿರ ಹೋಗುವಷ್ಟರಲ್ಲಿ ಹಾರಿರುತ್ತದೆ. ಹನಿ, ತುಂಬೆ ಹೂವು, ಮರದ ತೊಗಟೆಯ ಪಾಚಿ ಇಷ್ಟವಾದರೆ ಧೈರ್ಯವಾಗಿ ಕೊಳ್ಳಿ. 5ಕ್ಕೆ 3.5 ಕೊಡುತ್ತೇನೆ. ಕಳೆದ ಒಂದೂವರೆಯೂ ಆ ಅಂಟಿಗೇ.