ಪೆಟ್ರೋಲ್ ಸ್ಕೂಟರ್, ಎಲೆಕ್ಟ್ರಿಕ್ ಸ್ಕೂಟರ್, ಎಲೆಕ್ಟ್ರಿಕ್ ಬಸ್: ಒಂದೇ ರಿಂಗ್ ರೋಡು, ಮೂರು ಲೆಕ್ಕ

ಬನಶಂಕರಿಯಿಂದ ಮಾರತಹಳ್ಳಿಗೆ ನಾನು ಮೂರರಲ್ಲೂ ಓಡಾಡಿದ್ದೇನೆ: ಬಿಎಸ್6 ಪೆಟ್ರೋಲ್ ಸ್ಕೂಟರ್, ಮೂರು ಯೂನಿಟ್ ಹಿಡಿಯುವ ಬ್ಯಾಟರಿಯ ಎಲೆಕ್ಟ್ರಿಕ್ ಸ್ಕೂಟರ್, ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್. ದುಡ್ಡಿನ ಹೋಲಿಕೆ ಯೂಟ್ಯೂಬ್ ತುಂಬಾ ಸಿಗುತ್ತದೆ. ನಾನು ಹಾಕಿದ್ದು ಹೊಗೆಯ ಲೆಕ್ಕ.

ಪೆಟ್ರೋಲ್ ಗಾಡಿಯದು ಬೇಗ ಮುಗಿಯುತ್ತದೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕೂ ಸೇರಿ ಲೀಟರಿಗೆ 44 ಕಿ.ಮೀ. ಆಸುಪಾಸು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. ಅಲ್ಲಿಗೆ ನೂರು ಕಿ.ಮೀ.ಗೆ ಐದು ಕೆಜಿ ದಾಟಿತು. ಕಚ್ಚಾತೈಲ ತೆಗೆದು, ಶುದ್ಧ ಮಾಡಿ, ಟ್ಯಾಂಕರಿನಲ್ಲಿ ಬಂಕಿಗೆ ತರುವ ಹೊಗೆ ಇದರಲ್ಲಿಲ್ಲ.

ಎಲೆಕ್ಟ್ರಿಕ್ ಸ್ಕೂಟರಿನ ಸ್ಕ್ರೀನ್ ಹೇಳುವುದನ್ನು ನಂಬಬೇಡಿ. ನನ್ನ ಗಾಡಿ ನೂರು ಕಿ.ಮೀ.ಗೆ 2.8 ಯೂನಿಟ್ ಎಂದು ತೋರಿಸುತ್ತಿತ್ತು. ಪಾರ್ಕಿಂಗ್‌ನ ಸಾಕೆಟ್‌ಗೆ ಸಬ್ ಮೀಟರ್ ಹಾಕಿಸಿ ನೋಡಿದರೆ ಅದೇ ದೂರಕ್ಕೆ 3.3. ನಡುವಿನ ಅರ್ಧ ಯೂನಿಟ್ ಎಲ್ಲಿ ಹೋಯಿತು ಎಂದು ತಿಳಿಯಲು ಚಾರ್ಜಾಗುವಾಗ ಚಾರ್ಜರ್ ಮೇಲೆ ಕೈಯಿಟ್ಟರೆ ಸಾಕು, ಬಹುಪಾಲು ಅಲ್ಲೇ ಬಿಸಿಯಾಗಿ ಹೋಗಿರುತ್ತದೆ. ದೇಶದ ಗ್ರಿಡ್ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ಹಾಗಾಗಿ ನೂರು ಕಿ.ಮೀ.ಗೆ 2.3 ಕೆಜಿ. ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ, ಆದರೆ ಜಾಹೀರಾತಿನಲ್ಲಿ ಹೇಳುವ ‘ಸೊನ್ನೆ’ ಅಲ್ಲ.

ಇನ್ನೊಂದು ವಿಷಯ, ಯಾವ ಹೊತ್ತಿನಲ್ಲಿ ಚಾರ್ಜ್ ಮಾಡುತ್ತೀರಿ ಅನ್ನುವುದು. ಮಧ್ಯಾಹ್ನ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕು, ಜೊತೆಗೆ ಬೇರೆ ಕಡೆಯ ಪ್ಯಾನೆಲ್‌ಗಳೂ ಗ್ರಿಡ್ಡಿಗೆ ಕರೆಂಟ್ ಸುರಿಯುತ್ತಿರುತ್ತವೆ. ರಾತ್ರಿ ಊಟ ಮುಗಿಸಿ ಎಲ್ಲರೂ ಪ್ಲಗ್ ಚುಚ್ಚಿದರೆ ಶರಾವತಿಯ ನೀರೊಂದೇ ಸಾಲದು, ಹೊರೆ ಹೆಚ್ಚಾಗಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ ಬೀಳುತ್ತದೆ. ಬರೀ ಕಲ್ಲಿದ್ದಲಿನ ಕರೆಂಟಾದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕೆಜಿ, ನನ್ನ 2.3 ಏರಿ 3.3 ಆಗುತ್ತದೆ. ಆಗಲೂ ಪೆಟ್ರೋಲ್‌ಗಿಂತ ವಾಸಿ. ಆದರೆ ಸಿಲ್ಕ್ ಬೋರ್ಡಿನಲ್ಲಿ ನಾನು ಬಿಡದ ಹೊಗೆಯ ಒಂದಷ್ಟು ಪಾಲು ರಾಯಚೂರಿನ ಸ್ಥಾವರವಿರುವ ಶಕ್ತಿನಗರದವರ ತಲೆ ಮೇಲಿದೆ, ಹಾರುಬೂದಿ ಸಮೇತ. ಅವರಿಗೆ ನಮ್ಮ ರಿಂಗ್ ರೋಡಿನ ಗೊಡವೆಯೇ ಇಲ್ಲ ಪಾಪ. ನಾನಂತೂ ಈಗ ಆಫೀಸಿನ ಬೇಸ್‌ಮೆಂಟಿನಲ್ಲಿ ಮಧ್ಯಾಹ್ನವೇ ಚಾರ್ಜಿಗೆ ಹಾಕುತ್ತೇನೆ.

ಟೈರ್ ಸವೆದು ಏಳುವ ಧೂಳು ಎರಡೂ ಸ್ಕೂಟರಿಗೆ ಹೆಚ್ಚುಕಡಿಮೆ ಒಂದೇ. ಬ್ರೇಕಿನ ಧೂಳು ಎಲೆಕ್ಟ್ರಿಕ್‌ನಲ್ಲಿ ಕಡಿಮೆ, ಥ್ರಾಟಲ್ ಬಿಟ್ಟರೆ ಮೋಟರೇ ಗಾಡಿಯನ್ನು ಹಿಡಿಯುತ್ತದೆ.

ಬಸ್ಸಿನ ವಿಷಯದಲ್ಲಿ ನಾನು ಅಂದುಕೊಂಡಿದ್ದೇ ಬೇರೆ, ಲೆಕ್ಕ ಹೇಳಿದ್ದೇ ಬೇರೆ. 12 ಮೀಟರಿನ ಎಲೆಕ್ಟ್ರಿಕ್ ಬಸ್ ಕಿ.ಮೀ.ಗೆ ಒಂದರಿಂದ ಒಂದೂಕಾಲು ಯೂನಿಟ್ ತಿನ್ನುತ್ತದೆ. ನಲವತ್ತು ಜನ ಇದ್ದರೆ ತಲೆಗೆ ನೂರು ಕಿ.ಮೀ.ಗೆ ಎರಡು ಕೆಜಿ ಆಸುಪಾಸು. ಅಂದರೆ ಒಬ್ಬರೇ ಹೋಗುವ ಎಲೆಕ್ಟ್ರಿಕ್ ಸ್ಕೂಟರಿಗೆ ಹೆಚ್ಚುಕಡಿಮೆ ಸರಿಸಮ! ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಸ್ಕೂಟರೇ ಗೆಲ್ಲುತ್ತದೆ. ಬಸ್ಸು ಗೆಲ್ಲಬೇಕಾದರೆ ಬೆಳಿಗ್ಗೆ ಒಂಬತ್ತರ ಹಾಗೆ, ಕಂಡಕ್ಟರ್ ‘ಒಳಗ್ಹೋಗಿ, ಒಳಗ್ಹೋಗಿ’ ಅನ್ನುವಷ್ಟು ತುಂಬಿರಬೇಕು.

ಆದರೂ ನನ್ನ ಓಟು ಬಸ್ಸಿಗೇ. ಕಾರಣ ಬ್ಯಾಟರಿ. ನನ್ನ ಸ್ಕೂಟರಿನದು ದಿನಕ್ಕೆ ಒಬ್ಬನನ್ನು ನಲವತ್ತು ಕಿ.ಮೀ. ಹೊತ್ತು ಉಳಿದ ಹೊತ್ತೆಲ್ಲ ಸುಮ್ಮನೆ ನಿಂತಿರುತ್ತದೆ. ಬಸ್ಸಿನದು ಮುನ್ನೂರು ಯೂನಿಟ್ಟಿನದೇ ಅಂತಿಟ್ಟುಕೊಳ್ಳಿ, ದಿನಕ್ಕೆ ಇನ್ನೂರು ಕಿ.ಮೀ. ನಲವತ್ತು ಜನರನ್ನು ಹೊರುತ್ತದೆ. ಭಾಗಿಸಿ ನೋಡಿದರೆ ಒಬ್ಬರ ಅಷ್ಟೇ ಓಡಾಟಕ್ಕೆ ಬಸ್ಸಿಗೆ ಬೇಕಾದದ್ದು ಸ್ಕೂಟರಿನ ಅರ್ಧ ಬ್ಯಾಟರಿ. ಗಣಿಯಿಂದ ತೆಗೆಯುವ ಲಿಥಿಯಂ ಕೂಡ ಹೆಚ್ಚುಕಡಿಮೆ ಅರ್ಧ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಇದೆ ಎಂದು ಹಿಗ್ಗುವವರು ನಾಳೆ ಅಲ್ಲಿ ಗಣಿ ಶುರುವಾದರೆ ಕಾವೇರಿ ಸೀಮೆಯ ನೀರಿಗೆ ಏನಾಗುತ್ತದೆ ಎಂದೂ ಕೇಳಬೇಕಲ್ಲ?

ಮೂರು ಯೂನಿಟ್ ಬ್ಯಾಟರಿ ತಯಾರಾಗುವಾಗಲೇ ಸರಿಸುಮಾರು 250 ಕೆಜಿ ಕಾರ್ಬನ್ ಡೈಆಕ್ಸೈಡ್ ಹೋಗಿರುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ನೂರು ಕಿ.ಮೀ.ಗೆ 2.9 ಕೆಜಿ ಉಳಿಯುವುದರಿಂದ ಅದು ತೀರಲು ಒಂಬತ್ತು ಸಾವಿರ ಕಿ.ಮೀ. ಹತ್ತಿರ ಓಡಿಸಬೇಕು. ನನಗದು ಒಂದು ವರ್ಷದೊಳಗಿನ ಮಾತು. ಮೈಸೂರಿನ ಸೋದರತ್ತೆ ಓಡಿಸುವುದು ಮನೆಯಿಂದ ದೇವಸ್ಥಾನ, ತರಕಾರಿ ಅಂಗಡಿ, ದಿನಕ್ಕೆ ಐದು ಕಿ.ಮೀ. ಅವರ ಪೆಟ್ರೋಲ್ ಗಾಡಿ ಚೆನ್ನಾಗೇ ಇದೆ. ‘ನಾನೂ ಎಲೆಕ್ಟ್ರಿಕ್ ತಗೊಳ್ಳಲೇನೋ?’ ಎಂದು ಫೋನಿನಲ್ಲಿ ಕೇಳಿದರು. ‘ಬೇಡ ಅತ್ತೆ, ಇರೋದು ಓಡೋವರೆಗೂ ಓಡಿಸಿ, ಹೊಗೆ ತಪಾಸಣೆ ಮಾತ್ರ ತಪ್ಪಿಸಬೇಡಿ’ ಎಂದೆ.