ಮಣಿಗೆ ಚಿತ್ತಾರದ ಕಡ್ಡಿ: ತಿರುಚಬೇಕಾ, ಕಟ್ಟಬೇಕಾ, ಅಚ್ಚಿಗೆ ಒತ್ತಬೇಕಾ?

ಒಂದೇ ಟಾರ್ಚು (ಗಾಜು ಕರಗಿಸುವ ಗ್ಯಾಸ್ ಜ್ವಾಲೆಯದು), ಒಂದೇ ಜಾತಿಯ ಗಾಜು, ನಾಲ್ಕೇ ಬಣ್ಣ: ಬಿಳಿ, ಹಳದಿ, ಕಡುನೀಲಿ, ಪಾರದರ್ಶಕ. ಇಷ್ಟನ್ನೇ ಇಟ್ಟುಕೊಂಡು ನಾಲ್ಕು ರೀತಿಯಲ್ಲಿ ಚಿತ್ತಾರದ ಕಡ್ಡಿ, ಅಂದರೆ ಗಾಜಿನ ಮಣಿಯನ್ನು ಅಲಂಕರಿಸಲು ಬಣ್ಣದ ಚಿತ್ತಾರವಿರುವ ಗಾಜಿನ ಕಡ್ಡಿ, ಎಳೆದು ನೋಡಿದೆ. ಎಲ್ಲದರಲ್ಲೂ ಮೂಲ ಸೂತ್ರ ಒಂದೇ. ದಪ್ಪ ಉಂಡೆಯಲ್ಲಿ ಚಿತ್ತಾರ ಮಾಡಿಕೊಳ್ಳುವುದು, ಕಾಯಿಸುವುದು, ಎರಡೂ ತುದಿ ಹಿಡಿದು ಎಳೆಯುವುದು. ಉಂಡೆ ಸಣ್ಣಗಾದ ಹಾಗೆ ಒಳಗಿನ ಚಿತ್ತಾರವೂ ಸಣ್ಣಗಾಗುತ್ತದೆ. 20 ಮಿಲಿಮೀಟರ್ ದಪ್ಪದ ಉಂಡೆಯನ್ನು 5ಕ್ಕೆ ಎಳೆದರೆ ಉದ್ದ 16 ಪಟ್ಟು ಆಗಬೇಕು. ಲೆಕ್ಕ ಹಾಗೆ ಹೇಳುತ್ತೆ. ಕೈಗೆ ಬರುವುದು ಅದಕ್ಕಿಂತ ಕಡಿಮೆಯೇ, ಎರಡೂ ತುದಿ ದಪ್ಪಗೆ ಉಳಿದುಬಿಡುತ್ತವಲ್ಲ.

ಮೊದಲು ಟ್ವಿಸ್ಟಿ, ಅಂದರೆ ತಿರುಚಿದ ಕಡ್ಡಿ. ಪಾರದರ್ಶಕ ಗಾಜಿನ ತುದಿ ಕಾಯಿಸಿ ಗುಂಡಗೆ ಉರುಳಿಸಿ, ಅದರ ಮೇಲೆ ಬಿಳಿಯ ನಾಲ್ಕು ಗೆರೆ ಹಾಕಿದೆ. ಇನ್ನೊಂದು ಕಡ್ಡಿ ಅಂಟಿಸಿ, ಚೆನ್ನಾಗಿ ಕಾಯಿಸಿ, ಜ್ವಾಲೆಯಿಂದ ಹೊರಗೆ ತಂದು ಎರಡೂ ಕೈಯನ್ನು ಎದುರುಬದುರಾಗಿ ತಿರುಗಿಸುತ್ತಾ ಎಳೆದೆ. ಹತ್ತು ನಿಮಿಷದಲ್ಲಿ ಮುಗಿಯಿತು. ತಪ್ಪುವುದು ಒಂದೇ ಕಡೆ: ಶಾಖ ಸಮನಾಗಿಲ್ಲದಿದ್ದರೆ ನಡುವೆ ಬಿಗಿ ಸುರುಳಿ, ತುದಿಯಲ್ಲಿ ಬರೀ ಓರೆ ಗೆರೆ. ಆದರೂ ಗಾಜು ನಮ್ಮ ಪರವಾಗಿದೆ. ತೆಳುವಾದ ಜಾಗ ಬೇಗ ಆರಿ ಗಟ್ಟಿಯಾಗುತ್ತೆ, ದಪ್ಪಗಿರುವ ಜಾಗ ಇನ್ನೂ ಬಿಸಿಯಿದ್ದು ಎಳೆತಕ್ಕೆ ಬಗ್ಗುತ್ತೆ. ಅವಸರ ಮಾಡದಿದ್ದರೆ ತಾನೇ ಒಂದು ಹದಕ್ಕೆ ಬರುತ್ತದೆ.

ಎರಡನೆಯದು ಕೈಯಲ್ಲೇ ಕಟ್ಟುವ ಹೂ, ಮುರ್ರಿನಿ: ಕಡ್ಡಿಯನ್ನು ಅಡ್ಡ ಕತ್ತರಿಸಿದರೆ ಪ್ರತಿ ಚೂರಲ್ಲೂ ಹೂ ಕಾಣಬೇಕು. ನನ್ನ ಸಮಯವೆಲ್ಲ ತಿಂದದ್ದು ಇದೇ. ಹಳದಿ ತಿರುಳು, ಅದರ ಸುತ್ತ ಎಂಟು ಬಿಳಿ ಗೆರೆ, ಗೆರೆಗಳ ನಡುವಿನ ಸಂದಿಯಲ್ಲಿ ನೀಲಿ, ಎಲ್ಲದರ ಮೇಲೆ ಪಾರದರ್ಶಕ ಪೊರೆ. ಒಂದೊಂದು ಗೆರೆ ಹಾಕಿದಾಗಲೂ ಉಂಡೆಯನ್ನು ಪೂರ್ತಿ ಬಿಸಿಯಾಗಿಯೇ ಇಡಬೇಕು. ಒಂದು ಬದಿ ಆರಿತೋ, ಟಿಕ್ ಅಂತ ಬಿರುಕು. ಮೊದಲ ಸಲ ಹೊರಗೆ ಮೆತ್ತಗಾದ ತಕ್ಷಣ ಎಳೆದುಬಿಟ್ಟೆ. ಹೊರಗಿನ ಪೊರೆ ಜಾರಿತು, ತಿರುಳು ಗಟ್ಟಿಯಾಗಿ ಒಳಗೇ ಉಳಿಯಿತು. ಎರಡನೇ ಸಲ ಬುದ್ಧಿ ಬಂತು. ಉಂಡೆ ಜೋಲುವ ಹೊತ್ತಿಗೆ ಜ್ವಾಲೆಯಿಂದ ತೆಗೆದು ಸುಮ್ನೆ ತಿರುಗಿಸುತ್ತಾ ಇದ್ದೆ. ಹೊರಗಿನ ಶಾಖ ಒಳಗೆ ಇಳಿಯುತ್ತೆ, ಮೇಲ್ಮೈ ಸ್ವಲ್ಪ ಬಿಗಿಯಾಗುತ್ತೆ. ಮತ್ತೆ ಕಾಯಿಸಿ, ಮತ್ತೆ ತೆಗೆದು, ಹೀಗೆ ಮೂರು ಸಲ. ಆಮೇಲೆ ಕೆಂಪು ಹೊಳಪು ತುಸು ಮಂಕಾಗುವವರೆಗೆ ಕಾದು ನಿಧಾನ ಎಳೆದೆ. ಇಟಲಿಯ ಮುರಾನೋದ ಗಾಜಿನ ಕುಲುಮೆಗಳಲ್ಲಿ ಇಬ್ಬರು ಎರಡು ತುದಿ ಹಿಡಿದು ಹಿಂದಕ್ಕೆ ನಡೆಯುತ್ತಾರೆ. ನನಗೆ ಇರುವುದು ನನ್ನ ತೋಳಿನ ಅಗಲ ಮಾತ್ರ, ಅದಕ್ಕೇ ಉಂಡೆ ದೊಡ್ಡದು ಮಾಡಲಿಲ್ಲ.

ನಿಪ್ಪರಿನಿಂದ ಮೊದಲ ಚೂರು ಕತ್ತರಿಸಿದಾಗ ಎಂಟರಲ್ಲಿ ಆರು ದಳ ಸರಿಯಾಗಿದ್ದವು, ಎರಡು ಒಂದಕ್ಕೊಂದು ಒರಗಿದ್ದವು. ನನಗೆ ಅದೇ ಇಷ್ಟವಾಯಿತು. (ಕತ್ತರಿಸುವಾಗ ಕನ್ನಡಕ ಮರೆಯಬೇಡಿ, ಚೂರು ಎಲ್ಲಿಗೆ ಹಾರುತ್ತೆ ಅಂತ ಹೇಳಕ್ಕಾಗಲ್ಲ.)

ಮೂರನೆಯದು ಕಂತೆ. 2 ಮಿಲಿಮೀಟರಿನ ಎಳೆಗಳನ್ನು ಮೊದಲೇ ಎಳೆದಿಟ್ಟು, ನಡುವೆ ಒಂದು, ಸುತ್ತ ಆರು ಜೋಡಿಸಿ ತಾಮ್ರದ ತಂತಿಯಿಂದ ಬಿಗಿದೆ. ಒಂದೇ ದಪ್ಪದ್ದಾದರೆ ಏಳೂ ಸರಿಯಾಗಿ ಕೂರುತ್ತವೆ. ಇನ್ನೊಂದು ಸುತ್ತಿಗೆ ಹನ್ನೆರಡು ಬೇಕು, ಒಟ್ಟು 19. ನೋಡಲು ಚೆಂದ. ಜ್ವಾಲೆಗೆ ಹಿಡಿದ ಕೂಡಲೇ ಎರಡು ಎಳೆ ಪಟಪಟ ಸಿಡಿದವು. ಕಂತೆಯನ್ನು ಶಾಖದ ಗೂಡಿನಲ್ಲಿ, ಅಂದರೆ ಕಿಲ್ನ್‌ನಲ್ಲಿ 500 ಡಿಗ್ರಿಯ ಆಸುಪಾಸು ಕಾಯಿಸಿಕೊಂಡ ಮೇಲೆ ಸಿಡಿಯುವುದು ನಿಂತಿತು. ಆದರೆ ಎಳೆಗಳ ನಡುವಿನ ಗಾಳಿ ಹೋಗಲಿಲ್ಲ, ಕಡ್ಡಿಯ ಉದ್ದಕ್ಕೂ ಬೆಳ್ಳಿ ಗೆರೆಯಂತೆ ಕಾಣುತ್ತಿತ್ತು. ಒಂದು ತುದಿಯಿಂದ ಕರಗಿಸುತ್ತಾ ಬಂದರೆ ಗಾಳಿ ಇನ್ನೊಂದು ತುದಿಯಿಂದ ಹೊರಬೀಳುತ್ತೆ, ಸ್ವಲ್ಪ ಮಟ್ಟಿಗೆ. ಚುಕ್ಕೆಗಳ ಚಿತ್ತಾರ ಇಷ್ಟು ಚೊಕ್ಕವಾಗಿ ಬೇರೆ ಯಾವುದರಲ್ಲೂ ಬರಲ್ಲ, ಒಪ್ಪುತ್ತೇನೆ. ಕಿಲ್ನ್ ಇಲ್ಲದವರು ಇದರ ತಂಟೆಗೆ ಹೋಗಬೇಡಿ.

ಅಚ್ಚಿನ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಬಿಸಿ ಉಂಡೆಯನ್ನು ನಕ್ಷತ್ರದ ಅಚ್ಚಿಗೆ ಒತ್ತಿ, ಏಣುಗಳು ಗಟ್ಟಿಯಾದ ಮೇಲೆ ಸಂದಿಗಳಲ್ಲಿ ಬೇರೆ ಬಣ್ಣ ತುಂಬಿದರೆ ಆಯಿತು. ಬೇಗ ಆಗುತ್ತೆ, ಪ್ರತಿ ಸಲ ಅದೇ ನಕ್ಷತ್ರ. ನೂರು ಮಣಿ ಒಂದೇ ಥರ ಬೇಕಿದ್ದರೆ ಇದನ್ನೇ ಹಿಡಿಯಿರಿ. ನನಗೆ ಮೂರನೇ ಕಡ್ಡಿಗೇ ಬೇಜಾರಾಯಿತು.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಮಣಿಯ ಮೇಲೆ. ಟ್ವಿಸ್ಟಿಯನ್ನು ಸುತ್ತುವಾಗ ಕಡ್ಡಿಯನ್ನು ಜ್ವಾಲೆಯ ಅಂಚಿನಲ್ಲಿ ಇಡಬೇಕು, ಇಲ್ಲದಿದ್ದರೆ ಸುರುಳಿ ಕಲಸಿಹೋಗುತ್ತೆ. ಚೂರುಗಳ ಕಷ್ಟ ಬೇರೆ. ಕಾಯಿಸಿ ಒತ್ತುವಾಗ ಅಂಚು ಕರಗಿ ಹೂವಿನ ಮೇಲೆ ಮಡಚಿಕೊಳ್ಳುತ್ತದೆ. ನೀಲಿ ಅಂಚಿದ್ದ ಚೂರುಗಳಲ್ಲಿ ದಳ ಅರ್ಧ ಮುಚ್ಚಿಹೋಯಿತು. ಪಾರದರ್ಶಕ ಪೊರೆ ಇದ್ದ ಹೂ ಮಾತ್ರ ಉಳಿಯಿತು, ಮಡಚಿದರೂ ಅದರೊಳಗಿಂದ ದಳ ಕಾಣುತ್ತೆ ಅಲ್ವಾ. ಅಚ್ಚಿನ ನಕ್ಷತ್ರಕ್ಕೂ ಈ ಪೊರೆ ಹೊದಿಸಿದ ಮೇಲೆಯೇ ಮರ್ಯಾದೆ ಉಳಿದದ್ದು.

ಒಂದು ಪೆಟ್ಟು ನಾನಾಗಿ ತಂದುಕೊಂಡದ್ದು. ನನ್ನ ಗಾಜು 104ರ ಹಿಗ್ಗುವಿಕೆಯದು (ಬಿಸಿಯಾದಾಗ ಗಾಜು ಎಷ್ಟು ಹಿಗ್ಗುತ್ತೆ ಅನ್ನುವ ಅಂಕಿ; ಬೇರೆ ಅಂಕಿಯ ಗಾಜು ಬೆರೆತರೆ ಆರುವಾಗ ಸೀಳುತ್ತೆ). ಪಾರದರ್ಶಕ ಕಡ್ಡಿಗಳ ಡಬ್ಬದಲ್ಲಿ 90ರದ್ದೂ ಒಂದೆರಡು ಸೇರಿಕೊಂಡಿದ್ದವು, ನಾನೇ ಹಾಕಿದ್ದು. ಕಣ್ಣಿಗೆ ಎರಡೂ ಒಂದೇ. ಅತಿ ಚೆನ್ನಾಗಿ ಬಂದಿದ್ದ ಹೂವಿನ ಮಣಿಗೆ ಅದನ್ನೇ ಹೊದಿಸಿದ್ದೆ. ಕಿಲ್ನ್‌ನಲ್ಲಿ ನಿಧಾನವಾಗಿ ಆರಿಸಿದರೂ ಬೆಳಿಗ್ಗೆ ನೋಡಿದರೆ ಸುತ್ತ ಸೀಳಿತ್ತು. ಈಗ 90ರ ಕಡ್ಡಿಗಳ ತುದಿಗೆ ಕೆಂಪು ಟೇಪು ಸುತ್ತಿದ್ದೇನೆ.

ಸದ್ಯಕ್ಕೆ ನನ್ನ ಮೇಜಿನ ಮೇಲೆ ಟ್ವಿಸ್ಟಿ ಮತ್ತು ಕೈಯಲ್ಲಿ ಕಟ್ಟಿದ ಹೂ ಎರಡೇ ಉಳಿದಿವೆ. ಅಚ್ಚನ್ನು ಬೇರೆಯವರಿಗೆ ಕೊಟ್ಟೆ. ಕಂತೆಗೆಂದು ಎಳೆದಿಟ್ಟ ಸಣ್ಣ ಎಳೆಗಳು ಚುಕ್ಕೆ ಇಡಲು ಖರ್ಚಾಗುತ್ತಿವೆ.