ಬಾಲ್ಯದಲ್ಲಿ ಉಳಿದುಹೋದ ದುಃಖ: ಬರವಣಿಗೆಯೋ, ಆಪ್ತಸಮಾಲೋಚನೆಯೋ?

ಅಮ್ಮ ತೀರಿಕೊಂಡಾಗ "ಅಮ್ಮ ಊರಿಗೆ ಹೋಗಿದ್ದಾಳೆ" ಎಂಬ ಸುಳ್ಳನ್ನು ಕೇಳಿಕೊಂಡೇ ಬೆಳೆದವರಿಗೆ, ಅಳಲಾಗದೆ ಉಳಿದ ಆ ದುಃಖ ನಲವತ್ತು ದಾಟಿದ ಮೇಲೆ ತಲೆಯೆತ್ತುವುದುಂಟು. ಬರವಣಿಗೆಗೆ ಖರ್ಚಿಲ್ಲ, ಯಾರೆದುರೂ ಬಾಯಿಬಿಡಬೇಕಿಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ಆಘಾತದ ಬಗ್ಗೆ ಬರೆದಿದ್ದರು. ಆದರೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಬಹುದು, ಆಗ ಜೊತೆಗೆ ಯಾರೂ ಇರುವುದಿಲ್ಲ. ಆಪ್ತಸಮಾಲೋಚನೆ ನಿಧಾನ, ಹಲವೊಮ್ಮೆ ದುಬಾರಿಯೂ ಹೌದು. ಆದರೂ "ಅಂದು ನಾನು ಹಟ ಮಾಡದಿದ್ದರೆ ಅಮ್ಮ ಉಳಿಯುತ್ತಿದ್ದಳು" ಎಂದು ಮಗುವಾಗಿದ್ದಾಗ ನಂಬಿದ್ದನ್ನು ಎದುರಿಗೆ ಕುಳಿತವರು ಅಲ್ಲಿಯೇ ತಡೆದು ವಿಚಾರಿಸಬಲ್ಲರು, ಹಾಳೆ ವಿಚಾರಿಸದು. ಊಟ, ನಿದ್ರೆ, ಕೆಲಸ ಕೆಟ್ಟಿದ್ದರೆ ನನ್ನ ಒಲವು ಎರಡನೆಯದರ ಕಡೆಗೇ. ಸಾಯುವ ಯೋಚನೆ ಬರುತ್ತಿದ್ದರೆ ಆಯ್ಕೆಯ ಮಾತೇ ಇಲ್ಲ. ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕೂಡಲೇ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.